ಹೆಸರು ಬರೆದ ಪೊಟ್ಟಣ

"ಕೈ ನಿಲ್ಲಿಸ್ಬೇಡ, ತಳ ಹಿಡಿಯುತ್ತೆ," ಎಂದಳು ಲೊರೀನ್.

ಮೂವತ್ತೊಂದು ವರ್ಷಗಳಿಂದ ಈ ಬಿಳಿ ಸಾಸ್ ಕಾಯಿಸುತ್ತ ಬಂದಿದ್ದ ಅವಳ ಗಂಡ ಡೆಲ್ಬರ್ಟ್‌ಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಹೂಂ ಎಂದ. ಬೇರೇನಾದರೂ ಮಾತಾಡುವುದಕ್ಕಿಂತ ಅದೇ ಸುಲಭವಾಗಿತ್ತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ನಿನ್ನೆಗೆ ಮುಗಿದಿತ್ತು. ಹದಿನಾಲ್ಕು ಜನಕ್ಕೆ ಅಡುಗೆ ಮಾಡಿ ಬಡಿಸಿ ಲೊರೀನಳ ಕಾಲು ಬಿದ್ದುಹೋಗಿತ್ತು. ಆದರೂ ಲೂಯಿವಿಲ್‌ನಲ್ಲಿ ಹಬ್ಬದ ಮರುದಿನದ ಶುಕ್ರವಾರ ಉಳಿದ ಟರ್ಕಿ ಕೋಳಿಯಿಂದ 'ಹಾಟ್ ಬ್ರೌನ್' ಮಾಡದ ಮನೆ ಉಂಟೆ? ಸುಟ್ಟ ಬ್ರೆಡ್ಡಿನ ಮೇಲೆ ಮಾಂಸ, ಅದರ ಮೇಲೆ ಸಾಸ್, ಚೀಸ್. ಓವನ್ನಿನ ಉರಿಯಡಿ ಕೆಂಪಗೆ ಬೇಯಿಸಿ, ಮೇಲೆ ಹಂದಿಮಾಂಸದ ಎಳೆ, ಬೇಕನ್, ಅಡ್ಡಡ್ಡ ಇಟ್ಟರೆ ಆಯಿತು. ಸಾಸ್ ಅಪ್ಪನದು, ಮಾಂಸ ಬಿಡಿಸುವುದು ಅಮ್ಮನದು, ಬೇಕನ್ ಹುರಿಯುವುದು ಮಗಳು ಟ್ರಿನಾಳದು.

ಈ ಅಪ್ಪ ಮಾತ್ರ ಸೆಪ್ಟೆಂಬರಿನಿಂದ ಈ ಮನೆಯಲ್ಲಿರಲಿಲ್ಲ. ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿದ್ದ. ಮಗಳು ಬರುವ ಮೊದಲೇ ಚೀಲ ಹಿಡಿದು ಬಂದು, ಬೆನ್ನುನೋವಿನ ನೆವ ಹೇಳಿ ರಾತ್ರಿ ಸೋಫಾದ ಮೇಲೆ ಮಲಗಿದ್ದ. ಹಬ್ಬ ಕಳೆದ ಮೇಲೆ ಅವಳಿಗೆ ಹೇಳಿಬಿಡೋಣ ಎಂದು ಗಂಡ ಹೆಂಡತಿ ಒಪ್ಪಿದ್ದರು. ಟ್ರಿನಾ ಒಂದು ಗಂಟೆಗೆ ತಾನಿರುವ ಸಿನ್ಸಿನಾಟಿಗೆ ಹೊರಡುವವಳು. ಈಗ ಹನ್ನೆರಡಾಗಿತ್ತು. ಅವನು ಹೇಳಲಿ ಎಂದು ಇವಳು, ಇವಳು ಹೇಳಲಿ ಎಂದು ಅವನು.

"ಮಾಂಸ ಸಾಲಲ್ಲಮ್ಮಾ," ಎಂದಳು ಟ್ರಿನಾ.

"ಫ್ರಿಜ್ಜಲ್ಲಿ ಕೆಳಗಡೆ ಇದೆ ನೋಡು," ಎಂದುಬಿಟ್ಟ ಮೇಲೆ ಲೊರೀನಳಿಗೆ ಅಲ್ಲಿಟ್ಟದ್ದರ ನೆನಪಾಯಿತು.

ಕೆಳಗಡೆ ಇದ್ದವು ಊರಿಗೆ ಹೋಗುವವರಿಗೆ, ನೆರೆಹೊರೆಯವರಿಗೆ ಕಟ್ಟಿಟ್ಟ ಪೊಟ್ಟಣಗಳು. ಪಾತ್ರೆ ತೊಳೆದು ಮುಗಿಸಿ, ಅರೆನಿದ್ದೆಯಲ್ಲಿ ಒಂದೊಂದಕ್ಕೂ ಪಟ್ಟಿ ಅಂಟಿಸಿ ಅವಳೇ ಹೆಸರು ಬರೆದಿದ್ದಳು.

"ಕ್ರೆಬ್ಸ್ ತಾತ. ಜೂನ್ ಅತ್ತೆ, ಅಬ್ಬಾ, ಇದೇ ದೊಡ್ಡದು! ಇದು ನಂದು..." ಟ್ರಿನಾಳ ನಗು ಅಲ್ಲಿಗೇ ನಿಂತಿತು. "ಡೆಲ್ಬರ್ಟ್. ಅಮ್ಮಾ, ಮನೇಲಿರೋರಿಗೆ ಯಾರಾದ್ರೂ ಪೊಟ್ಟಣ ಕಟ್ತಾರಾ?"

ಡೆಲ್ಬರ್ಟ್ ತಿರುಗಲಿಲ್ಲ. ಸಾಸ್ ಬಿಟ್ಟು ಬರುವ ಹಾಗಿರಲಿಲ್ಲ.

"ನಾನು ಇಲ್ಲಿಲ್ಲ ಮಗಾ," ಎಂದ ಬೋಗುಣಿಗೆ. "ಸೆಪ್ಟೆಂಬರಿಂದ."

"ಜಗಳಾನಾ?"

"ಜಗಳ ಆಡೋಕೂ ತ್ರಾಣ ಬೇಕಲ್ಲೇ," ಎಂದಳು ಲೊರೀನ್. "ಸಾಕಾಗಿತ್ತು. ಇಬ್ರಿಗೂ."

"ನಿನ್ನೆ ಕೈ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿದ್ರಲ್ಲ! ಅದೂ ಎಷ್ಟುದ್ದ!"

"ಉದ್ದ ಮಾಡಿದ್ದು ನಿಮ್ಮತ್ತೆ ಕಣೇ," ಎಂದ ಡೆಲ್ಬರ್ಟ್. ಯಾರೂ ನಗಲಿಲ್ಲ.

ಟ್ರಿನಾ ಪೊಟ್ಟಣ ಹಿಡಿದು ನಿಂತೇ ಇದ್ದಳು. ಕಣ್ಣು ತುಂಬಿತ್ತು. ಕೇಳಬೇಕಾದ್ದು ನೂರಿದ್ದರೂ ಬಾಯಿಗೆ ಬಂದದ್ದು ಒಂದೇ.

"ಅಲ್ಲಿ ಓವನ್ ಇದ್ಯಾ ಅಪ್ಪಾ?"

"ಇಲ್ಲ. ಒಂದು ಒಲೆ ಇದೆ. ಅದೂ ಕುಂಟುತ್ತೆ."

"ಮತ್ತೆ ಇದನ್ನ ಹೇಗೆ ತಿಂತೀಯ?"

"ತಣ್ಣಗೆ."

ಮೂರು ತಿಂಗಳಲ್ಲಿ ಲೊರೀನ್ ಇದನ್ನು ಕೇಳಿರಲಿಲ್ಲ. ಬಾಡಿಗೆ ಎಷ್ಟೆಂದು ಕೇಳಿದ್ದಳು, ಈ ಮನೆಯ ಕೀಲಿಕೈ ವಾಪಸು ಕೇಳಿದ್ದಳು. ಉಣ್ಣುವುದೇನು ಎಂದು ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಮಗಳ ಕೈಯಿಂದ ಪೊಟ್ಟಣ ತೆಗೆದುಕೊಂಡು, ಪಟ್ಟಿ ಕಿತ್ತು, ಒಳಗಿದ್ದುದನ್ನೆಲ್ಲ ಅವನ ಬ್ರೆಡ್ಡಿನ ಮೇಲೆ ಹೇರತೊಡಗಿದಳು. ಎದೆಯ ಬಿಳಿ ಮಾಂಸ, ಅವನಿಗಿಷ್ಟವಾದ ತೊಡೆಯ ಕಪ್ಪು ಮಾಂಸ. ಬ್ರೆಡ್ಡು ಕಾಣದಾಯಿತು.

"ಅಷ್ಟೊಂದಾ? ನಾಳೆಗೆ?" ಎಂದ ಡೆಲ್ಬರ್ಟ್.

"ಬಿಸಿಬಿಸಿ ಇಲ್ಲೇ ತಿಂದು ಹೋಗು," ಎಂದಳು.

ಹೋಗು ಎಂದದ್ದು ಮೂವರಿಗೂ ಕೇಳಿಸಿತು. ಡೆಲ್ಬರ್ಟ್ ಸಾಸ್ ಸುರಿದ. ಒಂದೂ ಗಂಟಿರಲಿಲ್ಲ. ಮೂರು ತಟ್ಟೆಗಳನ್ನೂ ಉರಿಯಡಿ ತಳ್ಳಿ ಬಾಗಿಲು ಮುಚ್ಚಿದ. ಒಬ್ಬರ ಮುಖ ಒಬ್ಬರು ನೋಡಲಾರದೆ ಮೂವರೂ ಬಗ್ಗಿ, ಗಾಜಿನಾಚೆ ಚೀಸ್ ಕರಗುವುದನ್ನು ನೋಡುತ್ತ ನಿಂತರು. ಕಿತ್ತ ಪಟ್ಟಿ ಲೊರೀನಳ ಮಣಿಕಟ್ಟಿಗೆ ಅಂಟಿಕೊಂಡಿತ್ತು.