ಮೇಡಂ ಬೀರುವಿನಲ್ಲಿ ಪಾಸ್‌ಪೋರ್ಟ್

ನಮ್ಮ ಮನೆಯ ಹಕ್ಕುಪತ್ರ ಇವತ್ತಿಗೂ ಮಠದ ಬೀರುವಿನಲ್ಲಿದೆ. ನಿಟ್ಟೂರಿನಲ್ಲಿ ಸೂರು ಸೋರುವ ಮನೆಯವರು ನಾವೆಲ್ಲ ಹಾಗೇ ಮಾಡುವುದು. ಅದಕ್ಕೇ ಮಗಳು ಸಿಂಚನಾ ಮನೆಕೆಲಸಕ್ಕೆಂದು ಮಸ್ಕತ್ತಿಗೆ ಹೋದ ದಿನ ಫೋನ್ ಮಾಡಿ, "ಅಮ್ಮ, ಪಾಸ್‌ಪೋರ್ಟ್ ಮೇಡಂ ಇಸ್ಕೊಂಡ್ರು" ಅಂದಾಗ, "ಇರ್ಲಿ ಬುಡು, ದೊಡ್ಡೋರ ಹತ್ರ ಭದ್ರವಾಗಿರ್ತದೆ. ನೀನಾದ್ರೆ ಕಳ್ಕೊಂಡ್ಬಿಡ್ತೀಯ" ಅಂದವಳು ನಾನೇ.

ಎಸ್ಸೆಸ್ಸೆಲ್ಸಿ ಪಾಸಾಗದ, ಮೂವತ್ತು ತುಂಬದ ಹೆಣ್ಣುಮಕ್ಕಳನ್ನು ಅಲ್ಲಿ ಮನೆಕೆಲಸಕ್ಕೆ ಕಳಿಸಲು ಸರ್ಕಾರ ಒಪ್ಪುವುದಿಲ್ಲ. ಸಿಂಚನಾ ಎಸ್ಸೆಸ್ಸೆಲ್ಸಿ ಫೇಲು, ವಯಸ್ಸು ಇಪ್ಪತ್ತಾರು. "ವಿಸಿಟ್ ವೀಸಾದಲ್ಲಿ ಹೋಗ್ಲಿ ಅಕ್ಕ, ಅಲ್ಲೇ ಕೆಲಸದ ವೀಸಾಗೆ ಚೇಂಜ್ ಮಾಡ್ತಾರೆ" ಅಂದ ತುಮಕೂರಿನ ಏಜೆಂಟ್. ಬಡವರ ಹೊಟ್ಟೆ ಮೇಲೆ ಹೊಡೆಯೋ ರೂಲ್ಸು ಅಂತ ಬೈದುಕೊಂಡೇ ಒಪ್ಪಿದೆ.

ಈಗ ಆ ವೀಸಾ ಚೇಂಜ್ ಆಗದೆಯೇ ಮುಗಿದು ಎರಡು ತಿಂಗಳು. ಏಜೆಂಟ್ ಫೋನ್ ಎತ್ತುವುದಿಲ್ಲ. ಊರಿಗೆ ಕಳಿಸಿ ಅಂದರೆ ಮೇಡಂ ಅವಳನ್ನು ಹೊಡೆದು ಕೋಣೆಗೆ ಹಾಕಿ ಬೀಗ ಜಡಿಯುತ್ತಾಳೆ.

ಇವತ್ತು ವಸಂತನರಸಾಪುರದ ಫ್ಯಾಕ್ಟರಿಗೆ ರಜೆ ಹಾಕಿ ಕುಣಿಗಲ್ಲಿಗೆ ಹೋದೆ. ಮಸ್ಕತ್ತಿನಲ್ಲಿ ಹನ್ನೆರಡು ವರ್ಷ ಡ್ರೈವರಾಗಿದ್ದ ಗಂಗರಾಜು ತನ್ನ ಆಟೊ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡ.

"ವಿಸಿಟ್ ವೀಸಾ ಅಂದ್ರೆ ನೆಂಟರ ಮನೆಗೆ ಹೋದಂಗೆ ಕಣಕ್ಕ. ಕೆಲಸ ಮಾಡಂಗಿಲ್ಲ. ದುಡಿಯೋಕೆ ಹೋಗವ್ಳೆ ಅಂತ ನಮ್ ಸರ್ಕಾರದೋರಿಗೂ ಗೊತ್ತಿಲ್ಲ."

"ಎಲ್ರೂ ಹಂಗೇ ಹೋಗ್ತಾರೆ ಅಂದ್ನಲ್ಲಪ್ಪ ಏಜೆಂಟು."

"ಹೋಗ್ತಾರೆ. ಹೆಣ್ಮಕ್ಳನ್ನ ಕಾಯೋಕೆ ಅಂತ ಸರ್ಕಾರದೋರು ಮುಂಬಾಗ್ಲು ಹಾಕಿದ್ರು, ಹಿತ್ಲ ಕಡೆಯಿಂದ ಏಜೆಂಟು ಕರ್ಕೊಂಡೋಗ್ತಾವ್ನೆ. ಅದ್ಸರಿ, ಪಾಸ್‌ಪೋರ್ಟ್ ಯಾಕ್ ಕೊಟ್ಲು ಪುಣ್ಯಾತ್ಗಿತ್ತಿ?"

"ಇಸ್ಕೊಂಡ್ರು ಅಂದ್ಲು. ನಾನೇ ಇರ್ಲಿ ಬುಡು ಅಂದೆ."

ಅವನು ಪೈಪಿನ ನೀರು ನಿಲ್ಲಿಸಿದ.

"ಅದಿಲ್ದಿದ್ರೂ ನಮ್ ಎಂಬೆಸಿಗೆ ಹೋಗ್ಬಹುದು. ವಾಪಸ್ ಬರೋಕೆ ಬೇರೆ ಕಾಗದ ಮಾಡ್ಕೊಡ್ತಾರೆ. ಆದ್ರೆ ಆ ಮನೆಯಿಂದ ಅವಳೇ ಈಚೆ ಬರ್ಬೇಕು."

"ದಾರೀಲಿ ಪೊಲೀಸ್ ಹಿಡಿದ್ರೆ?"

"ಹಿಡೀಬಹುದು. ಓಡ್ಹೋದ್ಲು ಅಂತ ಮೇಡಂ ಕಂಪ್ಲೇಂಟೂ ಕೊಡ್ಬಹುದು. ಸುಳ್ಳು ಹೇಳಲ್ಲ ಅಕ್ಕ. ಅಲ್ಲಿ ಮಲಯಾಳಿಗಳ ಅಂಗಡಿ ಜಾಸ್ತಿ, ಕಂಡ್ರೆ ಒಳಗೆ ನುಗ್ಗಿ ಎಂಬೆಸಿ ಅನ್ನೋಕೆ ಹೇಳಿ."

ಬಸ್ ಸ್ಟ್ಯಾಂಡಿನಲ್ಲಿದ್ದಾಗ ಸಿಂಚನಾ ಫೋನ್ ಬಂತು. ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಪಿಸುಗುಡುತ್ತಿದ್ದಳು.

"ಅಮ್ಮ, ಕಸ ಹಾಕೋಕೆ ಬಾಗ್ಲು ತೆಗ್ದವ್ರೆ. ಏನ್ ಮಾಡ್ಲಿ? ಬೇಗ ಹೇಳು."

ಏಜೆಂಟ್ ಮಾತಿಗೆ ಹ್ಞೂಂ ಅಂದ ಬಾಯಿ ಇದು. ಮತ್ತೆ ಇದೇ ಬಾಯಲ್ಲಿ ಏನು ಹೇಳಲಿ?

"ಹೋಗು" ಅಂದೆ. ಮಲಯಾಳಿ ಅಂಗಡಿ, ಎಂಬೆಸಿ, ಎಲ್ಲ ಒಂದೇ ಉಸಿರಲ್ಲಿ ಹೇಳಿದೆ.

"ಪಾಸ್‌ಪೋರ್ಟು?"

"ಹಾಳಾಗ್ಲಿ ಬುಡು. ಕಾಲಿಗೆ ಚಪ್ಪಲಿ ಐತಾ?"

"ಇಲ್ಲ."

"ಹಂಗೇ ಓಡು ನನ್ನವ್ವ."

ಫೋನ್ ಕಟ್ಟಾಯಿತು. ಗುಬ್ಬಿ ಬಸ್ಸು ಬಂದು ನಿಂತಿತು. ದಾರಿಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಹತ್ತಲಿಲ್ಲ. ಆಮೇಲೆ ಇನ್ನೆರಡು ಬಸ್ಸು ಹೋದವು. ನಾನು ಅಲ್ಲೇ ನಿಂತಿದ್ದೆ.