ತೊಡೆಯೊಳಗಿನ ಸದ್ದು

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಿವಿರಾಯ ಎಂದು. ತಮಾಷೆಗೆ ಇಟ್ಟ ಹೆಸರೇ ಆದರೂ ಸುಳ್ಳೇನೂ ಅಲ್ಲ. ವಾಹನಗಳ ಗಲಾಟೆ ಶುರುವಾಗುವ ಮುಂಚೆ, ಬೆಳಗಿನ ತಂಪು ಹೊತ್ತಿನಲ್ಲಿ, ಉಕ್ಕಿನ ರಾಡೊಂದನ್ನು ಹಿಡಿದು ಬೀದಿ ಬೀದಿ ಅಲೆಯುವುದು ಅವನ ಕೆಲಸ. ರಾಡಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಯ ಪುಟ್ಟ ಬಟ್ಟಲಿಗೆ ಕಿವಿ ಕೊಟ್ಟು ನಿಂತರೆ, ನೆಲದ ಕೆಳಗೆ ಪೈಪು ಎಲ್ಲಿ ಒಡೆದು ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದ. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿದಲ್ಲಿ ಅಗೆದರೆ ಸೋರಿಕೆ ಇದ್ದೇ ಇರುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಮನೆಯಲ್ಲಿ ಮಾತ್ರ ಅತ್ತೆಯ ದೂರು ಬೇರೆ. "ನೆಲದಡಿ ಇರೋದೆಲ್ಲ ಕೇಳಿಸುತ್ತೆ ನಮ್ಮ ಅಳಿಯಂದ್ರಿಗೆ. ಬಾಗಿಲು ತೆಗೀರಿ ಅಂತ ನಾನು ಕೂಗಿದ್ದು ಕೇಳಿಸಲ್ಲ."

ಈ ಕೆಲಸಕ್ಕೆ ಒಂದು ಕಾಟ ಅಂಟಿಕೊಂಡಿದೆ. ರಾಡು ಬದಿಗಿಟ್ಟ ಮೇಲೂ ಸದ್ದು ಕಿವಿಯಿಂದ ಇಳಿಯುವುದಿಲ್ಲ. ತಟ್ಟೆಯ ಮುಂದೆ ಕೂತಾಗ, ಸ್ನಾನದ ಮನೆಯಲ್ಲಿ, ದಿಂಬಿನೊಳಗೆ, ಎಲ್ಲೆಂದರಲ್ಲಿ ನೀರು ಸುಯ್ಗುಡುತ್ತಿರುತ್ತದೆ. ಅದಕ್ಕೆಲ್ಲ ಗಮನ ಕೊಟ್ಟರೆ ತಲೆ ಕೆಡುತ್ತದೆ. ಅದಕ್ಕೇ ಮನೆಯಲ್ಲಿ ಕೇಳಿಸಿದ್ದನ್ನು ಕಿವಿಗೆ ಹಾಕಿಕೊಳ್ಳಬಾರದು ಎಂದು ತಾನೇ ಒಂದು ಕಾನೂನು ಮಾಡಿಕೊಂಡಿದ್ದ. ಹಾಳಾದ ಕಾನೂನು.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಶಾಲೆ ಮಕ್ಕಳ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಬಟ್ಟೆ ಹೊಲಿಯುವುದು ಅವಳ ಕಸುಬು; ವಾರವೆಲ್ಲ ಮಿಷನ್ ತುಳಿದು, ಭಾನುವಾರ ಕೈಹೊಲಿಗೆ. ಅವನು ಅವಳ ಬಲತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ. ಆಗ ಕೇಳಿಸಿತು. ಸುಯ್... ಸುಯ್... ಸುಯ್... ಒಡೆದ ಪೈಪು ಬಿಡುವಿಲ್ಲದೆ ಒಂದೇ ಸಮನೆ ಸುಯ್ಗುಡುತ್ತದೆ. ಇದು ಹಾಗಲ್ಲ. ಬಿಟ್ಟು ಬಿಟ್ಟು, ನಾಡಿಯ ಬಡಿತಕ್ಕೆ ಸರಿಯಾಗಿ ಬರುತ್ತಿತ್ತು. ಇಂಥ ಸದ್ದನ್ನು ಅವನು ಯಾವ ರಸ್ತೆಯಲ್ಲೂ ಕೇಳಿರಲಿಲ್ಲ. ಥಟ್ಟನೆ ತಲೆಯೆತ್ತಿದ.

"ಯಾಕ್ರೀ, ಸೂಜಿ ಚುಚ್ಚಿತಾ?"

"ಇಲ್ಲ ಕಣೇ. ಏನಿಲ್ಲ."

ಮತ್ತೆ ಮಲಗಿದ, ಆದರೆ ಎಡತೊಡೆಯ ಮೇಲೆ. ಅಲ್ಲಿ ಯಾವ ಸದ್ದೂ ಇರಲಿಲ್ಲ. ಹಾಯಾಗಿ ನಿದ್ದೆ ಬಂತು. ಅವತ್ತಿನಿಂದ ಅವನು ಬಲಗಡೆ ತಲೆಯಿಟ್ಟವನೇ ಅಲ್ಲ. ಬೇಕೆಂದೇ ಹಾಗೆ ಮಾಡಿದೆಯಾ ಎಂದು ಯಾರಾದರೂ ಕೇಳಿದ್ದರೆ ಆಣೆಯಿಟ್ಟು ಇಲ್ಲ ಎನ್ನುತ್ತಿದ್ದ. ಆ ಆಣೆಯನ್ನು ನಾನಂತೂ ನಂಬುವುದಿಲ್ಲ.

ಏಳು ತಿಂಗಳಾದ ಮೇಲೆ ಅವಳೇ ತೋರಿಸಿದಳು. ಬಲತೊಡೆಯಲ್ಲಿ, ಒಳಗಡೆ, ನಿಂಬೆಹಣ್ಣಿನಷ್ಟು ದಪ್ಪದ ಗಂಟು. ನೋವಿಲ್ಲ. ಮಿಷನ್ ತುಳಿದು ತುಳಿದು ಮಾಂಸ ಗಂಟು ಕಟ್ಟಿದೆ ಎಂದು ಅತ್ತೆ ಎಣ್ಣೆ ಹಚ್ಚಿ ನೀವಿದರು. ಗಂಟು ಕರಗಲಿಲ್ಲ. ಕೊನೆಗೆ ಇಂಥ ಗಡ್ಡೆಗಳನ್ನೇ ನೋಡುವ ಡಾಕ್ಟರಮ್ಮನ ಹತ್ತಿರ ಹೋದರು. ಸ್ಕ್ಯಾನ್ ಆಯಿತು, ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ಕೆಟ್ಟ ಗಡ್ಡೆ ಎಂದು ಗೊತ್ತಾದ ದಿನ ಡಾಕ್ಟರಮ್ಮ ಗಂಟಿನ ಮೇಲೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಅವನ ಕೆಲಸ ಏನೆಂದು ತಿಳಿದದ್ದರಿಂದಲೋ ಏನೋ, ಕೊಳವೆಯನ್ನು ಅವನ ಕಿವಿಗೂ ಕೊಟ್ಟರು.

ಸುಯ್... ಸುಯ್... ಅದೇ ಸದ್ದು.

"ಇದೇನು ಮೇಡಂ, ಕಳ್ಳ ಕನೆಕ್ಷನ್ನಾ?" ಎಂದ. ಬಾಯಿಗೆ ಬಂದದ್ದು ಅದೇ.

"ಕಳ್ಳತನ ಅಲ್ಲ ಇದು, ಕೇಳಿ ಪಡೆದದ್ದು," ಎಂದರು ಡಾಕ್ಟರಮ್ಮ. "ಗಡ್ಡೆ ಸಾಸಿವೆ ಕಾಳಿನಷ್ಟು ಇರೋವರೆಗೂ ಸುತ್ತಮುತ್ತ ಜಿನುಗೋದರಲ್ಲೇ ಬದುಕುತ್ತೆ. ಅದಕ್ಕಿಂತ ಬೆಳೀಬೇಕು ಅಂದ್ರೆ ರಕ್ತ ಬೇಕು. ಉಸಿರು ಕಟ್ಟಿದಾಗ ಅದು ಒಂಥರಾ ರಾಸಾಯನಿಕ ಬಿಡುತ್ತೆ. ಅದೇ ಅದರ ಕೂಗು ಅಂತಿಟ್ಕೊಳ್ಳಿ. ಗಾಯ ಆದಾಗ, ಮೂಳೆ ಮುರಿದಾಗ ಮೈ ಕೂಗೋದೂ ಹೀಗೇ. ಪಕ್ಕದ ರಕ್ತನಾಳಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಯಾರಿಗೋ ಕಷ್ಟ ಬಂದಿದೆ ಅಂತ ಮೊಳಕೆ ಒಡೆದು, ಕವಲಾಗಿ, ಕೂಗು ಬಂದ ಕಡೆಗೆ ಬೆಳೀತಾ ಹೋಗುತ್ತೆ. ಮೂಳೆಯ ಗಡ್ಡೆ, ಮಾಂಸದ ಗಡ್ಡೆ ಎಲ್ಲದರದ್ದೂ ಹೆಚ್ಚುಕಮ್ಮಿ ಇದೇ ಕಥೆ. ಇವರದ್ದು ಇನ್ನೊಂದು ಜಾತಿ, ಉಸಿರು ಕಟ್ಟದಿದ್ರೂ ಕೂಗ್ತಾನೇ ಇರುತ್ತೆ. ಅದಕ್ಕೇ ಇಷ್ಟೊಂದು ನಾಳ, ಇಷ್ಟೊಂದು ಸದ್ದು. ಎಲ್ಲ ಅವಸರಕ್ಕೆ ಬೆಳೆದವು, ಸೊಟ್ಟಪಟ್ಟ, ಸೋರ್ತವೆ. ಅದೇ ದಾರೀಲಿ ಗಡ್ಡೆಯ ಚೂರು ಹೊರಟು ಶ್ವಾಸಕೋಶಕ್ಕೂ ಹೋಗಬಹುದು."

"ಈ ಸದ್ದು ಯಾವಾಗಿನಿಂದ ಇದ್ದಿರಬಹುದು ಮೇಡಂ?"

"ತಿಂಗಳುಗಟ್ಟಲೆ ಇದ್ದಿರಬಹುದು. ಯಾರಾದ್ರೂ ಕಿವಿ ಇಟ್ಟಿದ್ರೆ ಆಗಲೇ ಗೊತ್ತಾಗ್ತಿತ್ತೇನೋ. ಆದ್ರೆ ತೊಡೆಗೆ ಕಿವಿ ಇಡೋರು ಯಾರು ಹೇಳಿ?"

ಅವನು ನೆಲ ನೋಡುತ್ತ ಕೂತ. ಹೆಂಡತಿ ಅವನ ಮೊಣಕೈ ಹಿಡಿದುಕೊಂಡಳು, ಪಾಪ, ಅವನು ಹೆದರಿದ್ದಾನೆಂದು.

ಮೊದಲು ತೆಳುವಾದ ಕೊಳವೆಯೊಂದನ್ನು ಒಳಗೆ ಬಿಟ್ಟು ಗಡ್ಡೆಗೆ ಹೋಗುವ ನಾಳಗಳನ್ನು ಮುಚ್ಚಿದರು. ಮರುದಿನ ಸುತ್ತಲಿನ ಮಾಂಸದ ಸಮೇತ ಗಡ್ಡೆ ತೆಗೆದರು. ಕಾಲು ಉಳಿಯಿತು. ತೊಡೆಯ ಒಳಭಾಗ ಗುಳಿಬಿದ್ದು, ನಡಿಗೆ ಕುಂಟಾಯಿತು. ಮಿಷನ್ನಿಗೆ ಮೋಟಾರು ಹಾಕಿಸಿಕೊಂಡು ಅವಳು ಮತ್ತೆ ಅಂಗಿ ಹೊಲಿಯಲು ಕೂತಳು. "ಇನ್ಮೇಲೆ ನನ್ನ ಕಾಲೆಳೆಯೋಕ್ಕೆ ಯಾರಿಗೂ ಧೈರ್ಯ ಇಲ್ಲ ಬಿಡಿ," ಎಂದು ತಾನೇ ನಕ್ಕಳು.

ಅವನಿಗೆ ಮಾತ್ರ ನೆಮ್ಮದಿ ಹೋಯಿತು. ಅವನು ಕಂಡ ಯಾವ ಪೈಪೂ ತಾನಾಗಿ ನಲ್ಲಿಯ ಕಡೆಗೆ ಬೆಳೆದದ್ದಿಲ್ಲ. ಈಗ ಬೆಳಗ್ಗೆ ರಾಡು ಊರಿ ನಿಂತರೆ, ರಸ್ತೆಯ ಕೆಳಗೆ ಯಾರೋ ಕೂಗುತ್ತಿರುವಂತೆ, ಆ ಕೂಗಿಗೆ ಪೈಪುಗಳು ಮಣ್ಣಿನೊಳಗೆ ಕವಲೊಡೆದು ಹೊರಟಂತೆ ಅನ್ನಿಸುತ್ತಿತ್ತು. ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು, ನಾಡಿಯ ಹಾಗೆ. ಒಂದು ದಿನ ಅಂಗಡಿಬೀದಿಯ ನಟ್ಟನಡುವೆ ಗುರುತು ಹಾಕಿದ. ಅಗೆದರು. ಒಣ ಮಣ್ಣು, ಗಟ್ಟಿಮುಟ್ಟಾದ ಪೈಪು. ಹದಿನೆಂಟು ವರ್ಷದಲ್ಲಿ ಮೊದಲ ಸಲ. "ಕಿವಿರಾಯನ ಕಿವಿಗೂ ತುಕ್ಕು ಹಿಡೀತು," ಎಂದು ಜೊತೆಯವರು ನಕ್ಕರು. ಅವನೂ ನಕ್ಕ. ಮನೆಯಲ್ಲಿ ಈ ಮಾತು ಎತ್ತಲಿಲ್ಲ.

ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕಿತ್ತು. ಎರಡು ಸಲ ಏನೂ ಕಾಣಲಿಲ್ಲ. ಸದ್ದು ನಿಂತಿತೆಂದರೆ ರೋಗ ಹೋಯಿತೆಂದೇ ಅಲ್ಲವೇ ಎಂದು ಎರಡನೆಯ ಸಲ ಅವನು ಡಾಕ್ಟರಮ್ಮನನ್ನು ಕೇಳಿದ್ದ. "ಹಾಗಲ್ಲ," ಎಂದಿದ್ದರು ಅವರು. "ನಾಳ ಬೆಳೆಯೋಕ್ಕೆ ಮುಂಚೆ ಅದಕ್ಕೆ ಸದ್ದೇ ಇರಲ್ಲ. ಕಾಳಿನ ಹಾಗೆ ಎಲ್ಲೋ ಸುಮ್ಮನೆ ಕೂತಿರುತ್ತೆ, ಕೆಲವು ಸಲ ವರ್ಷಗಟ್ಟಲೆ." ಅಲ್ಲಿಯವರೆಗೆ ಸದ್ದಿಗೆ ಹೆದರುತ್ತಿದ್ದವನು ಅವತ್ತಿನಿಂದ ನಿಶ್ಶಬ್ದಕ್ಕೆ ಹೆದರತೊಡಗಿದ. ಅವಳು ಮಲಗಿದಾಗ ಬೆನ್ನಿಗೆ ಕಿವಿ ಹಚ್ಚುತ್ತಿದ್ದ. ಉಸಿರಾಟ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಮೂರನೆಯ ಸ್ಕ್ಯಾನಿನ ದಿನ ಬೆಳಗ್ಗೆ ಅವಳು ಚಾಪೆ ಹಾಸಿಕೊಂಡು ಕೂತುಬಿಟ್ಟಳು.

"ನಾನು ಬರಲ್ಲ ಕಣ್ರೀ. ಆ ಸ್ಕ್ಯಾನಿನ ಕೊಳವೆಯೊಳಗೆ ಮಲಗಿದ್ರೆ ಹೂತಿಟ್ಟ ಹಾಗಾಗುತ್ತೆ. ಆಮೇಲೆ ರಿಪೋರ್ಟು ಬರೋವರೆಗೂ ದಿನಾ ಸಾಯಬೇಕು. ನೀವೇ ಕಿವಿ ಇಟ್ಟು ಕೇಳಿ. ಏನೂ ಇಲ್ಲ ಅಂದ್ರೆ ಇಲ್ಲ. ಮುಗೀತು."

"ನನ್ನ ಕಿವಿಗೂ ಸ್ಕ್ಯಾನಿಗೂ ಎಲ್ಲಿಂದೆಲ್ಲಿಗೆ?"

"ಊರಿನವರೆಲ್ಲ ನಂಬ್ತಾರೆ, ನಾನು ನಂಬಬಾರದಾ? ಕೇಳಿ ಅಂದೆನಲ್ಲ."

ಅವನು ಬಗ್ಗಿ ಗುಳಿಬಿದ್ದ ತೊಡೆಗೆ ಕಿವಿ ಇಟ್ಟ. ಎಷ್ಟು ದಿನಗಳ ಮೇಲೆ ಆ ಕಡೆ. ಏನೂ ಇಲ್ಲ. ಹೊಲಿಗೆಯ ಗುರುತು ಕೆನ್ನೆಗೆ ಒರಟಾಗಿ ತಾಗಿತು.

"ಏನಂತೆ?" ಎಂದಳು ಅವಳು. ದನಿಯಲ್ಲಿ ಆಸೆ ತುಂಬಿತ್ತು.

ಏನಿಲ್ಲ ಎಂದುಬಿಟ್ಟರೆ ಆಯಿತು. ಅದು ಸುಳ್ಳೂ ಅಲ್ಲ. ಅವಳು ಎದ್ದು ಮಿಷನ್ನಿಗೆ ಕೂರುತ್ತಾಳೆ, ಅತ್ತೆ ಸಮಾಧಾನದ ಉಸಿರು ಬಿಡುತ್ತಾರೆ, ಎದೆಯೊಳಗೆಲ್ಲೋ ಕಾಳು ಇದ್ದರೆ ಅದೂ ತನ್ನ ಪಾಡಿಗೆ ಇರುತ್ತದೆ, ಕೂಗುವವರೆಗೆ.

"ಸದ್ದಿಲ್ಲ," ಎಂದ. "ಆದ್ರೆ ನನ್ನ ಕಿವಿ ನಂಬಬೇಡ. ಸ್ಕ್ಯಾನಿಗೆ ನಡಿ."

"ನಿಮ್ಮ ಕಿವಿ ಯಾವತ್ತು ತಪ್ಪಿದೆ?"

"ಕಿವಿ ತಪ್ಪಲಿಲ್ಲ ಕಣೇ. ನಾನು ತಪ್ಪಿದೆ. ನೀನು ಗಂಟು ತೋರಿಸಿದೆಯಲ್ಲ, ಅದಕ್ಕಿಂತ ಏಳು ತಿಂಗಳು ಮುಂಚೆ ನನಗೆ ಕೇಳಿಸಿತ್ತು. ಭಾನುವಾರ. ನೀನು ಗುಂಡಿ ಹಾಕ್ತಿದ್ದೆ. ಅದೇ ಸದ್ದು, ಡಾಕ್ಟರಮ್ಮ ಕೇಳಿಸಿದ್ದು. ಏನಿಲ್ಲ ಅಂದುಬಿಟ್ಟೆ. ಹೆದರಿಕೆ ಆಯ್ತು."

ಅತ್ತೆ ಒಳಗೆ ಪಾತ್ರೆ ತೊಳೆಯುತ್ತಿದ್ದರು.

"ನನಗೂ ಗೊತ್ತಾಗ್ತಿತ್ತು," ಎಂದಳು ಅವಳು. "ಕೈ ಇಟ್ರೆ ಒಳಗೆ ಏನೋ ಮಿಡಿಯೋದು. ಗಂಟು ಕಾಣೋಕ್ಕೆ ಎಷ್ಟೋ ದಿನ ಮುಂಚೆ. ಡಾಕ್ಟರ ಹತ್ರ ಹೋಗಲಾ ಅಂತ ಎಷ್ಟು ಸಲ ಅಂದ್ಕೊಂಡೆ." ಅವಳು ತೊಡೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು. "ಏನಾದ್ರೂ ಇದ್ದಿದ್ರೆ ಇವರಿಗೆ ಕೇಳಿಸದೆ ಇರ್ತಿತ್ತಾ, ಕೇಳಿಸಿದ್ರೆ ಹೇಳದೆ ಇರ್ತಿದ್ರಾ ಅಂತ ಸುಮ್ಮನಿದ್ದೆ ಕಣ್ರೀ."

ಅವನಿಗೆ ಅಳು ಬಂತು. ಅವಳು ಅದನ್ನು ನೋಡಲಿಲ್ಲ. ಒಳಗೆ ಹೋಗಿ ಬಟ್ಟೆ ಬದಲಿಸಿ, ಹಳೆಯ ರಿಪೋರ್ಟುಗಳ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು.

"ನಡೀರಿ. ಹೊತ್ತಾಯ್ತು."

ಆಪರೇಷನ್ ಆದಾಗಿನಿಂದ ಮೆಟ್ಟಿಲಿಳಿಯಲು ಅವಳಿಗೆ ಅವನ ಭುಜವೇ ಆಗಬೇಕಿತ್ತು. ಎಂದಿನಂತೆ ಅವನು ಒಂದು ಮೆಟ್ಟಿಲು ಕೆಳಗೆ ನಿಂತು ಭುಜ ಒಡ್ಡಿದ. ಅವಳು ಅವನನ್ನು ದಾಟಿ, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.