ಸವೆಯದ ಶೂ

ಮಂಗಳವಾರ ಬಂತೆಂದರೆ ಸುಂಕದಕಟ್ಟೆಯ ಬೋರಮ್ಮನಿಗೆ ಪುರುಸೊತ್ತಿರುತ್ತಿರಲಿಲ್ಲ. ಬೆಳಗ್ಗೆಯೇ ಮೊಮ್ಮಗಳು ರಮ್ಯಶ್ರೀಗೆ ತಲೆಸ್ನಾನ. ಎರಡು ಜಡೆ, ರಿಬ್ಬನ್. ಇಸ್ತ್ರಿ ಹಾಕಿದ ಯೂನಿಫಾರ್ಮ್, ಸಾಕ್ಸು, ಕಪ್ಪು ಶೂ. ಇಷ್ಟೆಲ್ಲ ಸಿಂಗಾರ ಮಾಡಿ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು ಅಂದಿರಾ? ಎಲ್ಲಿಗೂ ಇಲ್ಲ. ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸುತ್ತಿದ್ದಳು, ಅಷ್ಟೇ.

ರಮ್ಯಶ್ರೀಗೆ ಹತ್ತು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿ, ಮಾತು ನಿಧಾನ. ಸೆರೆಬ್ರಲ್ ಪಾಲ್ಸಿ ಎಂದಿದ್ದರು ಡಾಕ್ಟರು. ಬುದ್ಧಿಗೇನೂ ಕಮ್ಮಿಯಿಲ್ಲ. ಅಜ್ಜಿ ಧಾರಾವಾಹಿ ನೋಡುತ್ತಾ ತೂಕಡಿಸಿದರೆ, ಕಥೆ ಎಲ್ಲಿಗೆ ಬಂತೆಂದು ಹೇಳುವವಳು ಅವಳೇ. ಎರಡು ಬೀದಿ ಆಚೆಯ ಸರ್ಕಾರಿ ಶಾಲೆಯ ಐದನೇ ತರಗತಿಯಲ್ಲಿ ಅವಳ ಹೆಸರಿದೆ. ಆದರೆ ಆ ಶಾಲೆಯ ಗೇಟನ್ನು ಅವಳು ಒಂದು ದಿನವೂ ದಾಟಿರಲಿಲ್ಲ. ವಾರಕ್ಕೊಮ್ಮೆ ಶಿಕ್ಷಣ ಇಲಾಖೆಯ ವಿಶೇಷ ಶಿಕ್ಷಕಿ ಮನೆಗೆ ಬಂದು ಒಂದು ಗಂಟೆ ಪಾಠ ಹೇಳುತ್ತಿದ್ದರು. ಅವರು ಹೊರಟ ಕೂಡಲೇ ಬೋರಮ್ಮ ಯೂನಿಫಾರ್ಮ್ ಬಿಚ್ಚಿ ಮಡಿಸಿಡುತ್ತಿದ್ದಳು. ಒಂದು ವಾರದ ಶಾಲೆ ಅಲ್ಲಿಗೆ ಮುಗಿಯಿತು.

ಈ ವರ್ಷ ಹಳೆಯ ಶಿಕ್ಷಕಿಗೆ ವರ್ಗವಾಗಿ ಅನಘಾ ಎಂಬವರು ಬಂದರು. ಮೊದಲ ದಿನ ರಮ್ಯಳ ಕಾಲನ್ನು ಮೆಲ್ಲಗೆ ಮಡಿಸಿ ಚಾಚಿಸುತ್ತಿದ್ದಾಗ ಅವರ ಕಣ್ಣು ಶೂ ಮೇಲೆ ಬಿತ್ತು.

“ಶೂ ಹೊಸದಾ ಅಜ್ಜಿ?”

“ಎಲ್ಲಿ ಹೊಸದು ಮಿಸ್, ಹೋದ ವರ್ಷದ್ದು. ಈ ವರ್ಷ ಇಸ್ಕೂಲಲ್ಲಿ ಕೊಟ್ಟಿದ್ದು ಇನ್ನೂ ಡಬ್ಬದಲ್ಲೇ ಐತೆ. ನೋಡಿ, ಹೆಂಗ್ ಮಡಗಿದೀನಿ,” ಎಂದಳು ಬೋರಮ್ಮ, ಹೆಮ್ಮೆಯಿಂದಲೇ.

ಅನಘಾ ಶೂ ತಿರುಗಿಸಿ ನೋಡಿದರು. ಶೂ ಅಟ್ಟೆಯ ಮೇಲಿನ ಅಚ್ಚಿನ ಅಕ್ಷರ ಕೂಡ ಮಾಸಿರಲಿಲ್ಲ.

ಅವರು ಹೊರಡುವಾಗ ರಮ್ಯಾ ಕಷ್ಟಪಟ್ಟು ಕೇಳಿದಳು, “ಮಿಸ್… ನನ್ ನಂಬರ್ ಎಷ್ಟು?”

“ಯಾವ ನಂಬರ್ ಪುಟ್ಟಿ?”

“ಹಾಜರಿ ನಂಬರ್. ಪಕ್ಕದ್ಮನೆ ಮಕ್ಕಳಿಗೆಲ್ಲಾ… ಇದೆ.”

“ನಿಂಗೂ ಇದೆಯಲ್ಲ. ಇಪ್ಪತ್ಮೂರು.”

ಆ ದಿನವೆಲ್ಲ ರಮ್ಯಾ “ಇಪ್ಪತ್ಮೂರು, ಇಪ್ಪತ್ಮೂರು” ಎನ್ನುತ್ತಲೇ ಇದ್ದಳು. ಬೋರಮ್ಮನಿಗೆ ಯಾಕೋ ಕಿರಿಕಿರಿಯಾಯಿತು. ಸುಮ್ಮನಿರೇ ಎಂದು ಒಮ್ಮೆ ಗದರಿಸಿಯೂ ಬಿಟ್ಟಳು.

ಮುಂದಿನ ವಾರ ಅನಘಾ ಒಂದು ಫೈಲು ತಂದರು.

“ಅಜ್ಜಿ, ಈ ವರ್ಷ ರಮ್ಯನ್ನ ಶಾಲೆಗೇ ಕಳಿಸೋಣ್ವಾ?”

“ಅದೆಂಗಾಯ್ತದೆ? ಮನೇಲೇ ಪಾಠ ಅಂತ ಸರ್ಕಾರದೋರೇ ಬರ್ದವ್ರಲ್ಲ.”

“ಸರ್ಕಾರ ಬರೆದಿದ್ದಲ್ಲ ಅಜ್ಜಿ. ಈ ಫಾರಮ್ಮಲ್ಲಿ ಶಾಲೆಯೋ ಮನೆಯೋ ಅಂತ ಕೇಳಿದಾರೆ ಅಷ್ಟೇ. ‘ಮನೆ’ಗೆ ಗುರುತು ಹಾಕಿದೆ. ಕೆಳಗೆ ಸಹಿ ಯಾರದು ನೋಡಿ.”

ಬೋರಮ್ಮ ಕನ್ನಡಕ ಏರಿಸಿದಳು. ಅವಳದೇ ಸಹಿ, ವಯಸ್ಕರ ಶಿಕ್ಷಣದಲ್ಲಿ ಒದ್ದಾಡಿ ಕಲಿತದ್ದು. ನಾಲ್ಕು ವರ್ಷದ ಹಿಂದೆ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ ಮಗುವನ್ನು ತಪಾಸಣೆ ಶಿಬಿರಕ್ಕೆ ಎತ್ತಿಕೊಂಡು ಹೋದವಳು ಅವಳೇ. ಮನೆಗೇ ಬಂದು ಪಾಠ ಹೇಳುತ್ತಾರೆ ಎಂದಾಗ ಸದ್ಯ ಎಂದುಕೊಂಡು, ತೋರಿಸಿದ ಕಡೆ ಸಹಿ ಹಾಕಿದ್ದಳು. ಆಮೇಲೆ ಬೀದಿಗೆಲ್ಲ ಇದು ಸರ್ಕಾರದ ಆರ್ಡರ್ ಎಂದು ಹೇಳಿಕೊಂಡು ಬಂದಿದ್ದಳು. ಈಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

“ನಿಮ್ ತಪ್ಪಲ್ಲ ಅಜ್ಜಿ, ಯಾರೂ ಬಿಡಿಸಿ ಹೇಳಿಲ್ಲ,” ಎಂದರು ಅನಘಾ. “೨೦೧೬ರಲ್ಲಿ ಒಂದು ಕಾಯ್ದೆ ಬಂತು. ನಮ್ ರಮ್ಯನ ಥರ, ಶೇಕಡ ನಲವತ್ತಕ್ಕೆ ಕಮ್ಮಿ ಇಲ್ಲದ ಅಂಗವೈಕಲ್ಯ ಇರೋ ಮಕ್ಕಳಿಗೆ, ಆರರಿಂದ ಹದಿನೆಂಟು ವರ್ಷದವರೆಗೆ ಮನೆ ಹತ್ರದ ಶಾಲೇಲೇ ಉಚಿತವಾಗಿ ಕಲಿಯೋ ಹಕ್ಕಿದೆ. ಬೇಕಾದ್ರೆ ವಿಶೇಷ ಶಾಲೆನೂ ಆರಿಸ್ಕೋಬಹುದು. ತೀರಾ ಆಗದ ಮಕ್ಕಳಿಗೆ ಮನೆ ಪಾಠನೂ ಉಂಟು. ಆದ್ರೆ ಅದು ನೀವು ಆರಿಸೋದು, ಆರ್ಡರ್ ಅಲ್ಲ.”

“ಕಾನೂನು ಇರ್ಲಿ ಮಿಸ್. ಬಾತ್‌ರೂಮಿಗೆ ಯಾರು ಕರ್ಕೊಂಡೋಗ್ತಾರೆ? ಎಲ್ಲಾದ್ರೂ ಬಿದ್ರೆ? ಮಕ್ಕಳು ಆಡ್ಕೊಂಡು ನಕ್ರೆ? ಊರ ಬಾಯಿಗೆ ಬೀಗ ಹಾಕಕ್ಕಾಯ್ತದಾ? ಮನೇಲೇ ಸುಖವಾಗವ್ಳೆ ಬಿಡಿ ಮಗು.”

“ನಿಮ್ ಭಯ ಸುಳ್ಳಲ್ಲ. ಅದನ್ನೇ ಒಂದೊಂದಾಗಿ ಬರೆದು ಶಾಲೆನ ಕೇಳೋಣ. ಇಂಥ ಮಕ್ಕಳು ಬಾಗಿಲಿಗೇ ಬರ್ದೆ ಇದ್ರೆ, ಶಾಲೆ ಬಾಗಿಲು ಯಾಕೆ ಅಗಲ ಆಗುತ್ತೆ ಅಜ್ಜಿ?”

ಸಂಜೆ ಸೊಸೆ ಲತಾ ಗಾರ್ಮೆಂಟ್ಸಿನಿಂದ ಬಂದಾಗ ಬೋರಮ್ಮ ಸಹಿಯ ವಿಷಯ ಮುಚ್ಚಿಡದೆ ಹೇಳಿದಳು. ಲತಾ ಬ್ಯಾಗು ಇಳಿಸದೆ ನಿಂತೇ ಕೇಳಿದಳು.

“ಕೇಳಿ ನೋಡೋಣ ಅತ್ತೆ. ಇವತ್ತು ನೀವಿದೀರ. ನಾಳೆ ನಮ್ಮ ಮೂರು ಜನನ ಬಿಟ್ರೆ ಅವಳಿಗೆ ಯಾರು ಗೊತ್ತಿರ್ತಾರೆ?”

“ಸರಿ, ಕೇಳಾನ,” ಎಂದಳು ಬೋರಮ್ಮ.

ಶನಿವಾರ ಅತ್ತೆ ಸೊಸೆ ಇಬ್ಬರೂ ಅನಘಾ ಜೊತೆ ಶಾಲೆಗೆ ಹೋದರು. ಮುಖ್ಯ ಶಿಕ್ಷಕ ಮಧ್ವೇಶ್ ಒಳ್ಳೆಯವರೇ. ಕುರ್ಚಿ ಹಾಕಿಸಿ, ನೀರು ಕೊಡಿಸಿ, ಆಮೇಲೆ ತಲೆ ಕೆರೆದುಕೊಂಡರು.

“ಐದನೇ ಕ್ಲಾಸು ಮಹಡಿ ಮೇಲಿದೆಯಮ್ಮ. ಬಾತ್‌ರೂಮಿಗೆ ಯಾರು ಕರ್ಕೊಂಡೋಗ್ತಾರೆ? ಬಿದ್ರೆ ಯಾರು ಜವಾಬ್ದಾರಿ? ಮಕ್ಕಳು ಬೇರೆ ನಗ್ತಾರೆ. ಮನೇಲೇ ಸುಖವಾಗಿದಾಳಲ್ಲ ಮಗು.”

ಬೋರಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಮಂಗಳವಾರ ತಾನಾಡಿದ ಮಾತುಗಳೇ ಅವು. ತನ್ನ ಬಾಯಲ್ಲಿ ಪ್ರೀತಿಯಂತೆ ಕೇಳಿದ್ದ ಮಾತು ಇವರ ಬಾಯಲ್ಲಿ ಬಾಗಿಲು ಹಾಕಿದಂತೆ ಕೇಳಿಸಿತು. ತಾನೂ ಇಷ್ಟು ವರ್ಷ ಬಾಗಿಲೇ ಹಾಕಿದ್ದೆನಲ್ಲ ಎಂದು ಅವಳ ಕಣ್ಣು ತುಂಬಿತು.

“ಸಾರ್, ಆ ಮಾತು ಅಜ್ಜಿ ಆಡ್ಬೋದು. ಇಸ್ಕೂಲು ಆಡೋ ಹಂಗಿಲ್ಲ. ಮಗು ಮೇಲೆ ಹತ್ತಕ್ಕಾಗಲ್ಲ, ಸರಿ. ಕ್ಲಾಸು ಕೆಳಗಿಳಿಯಕ್ಕೇನು ಕಾಲು ನೋವಾ?” ಎಂದಳು ಬೋರಮ್ಮ.

ಲತಾ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಧ್ವೇಶ್ ಒಂದು ಬಿಳಿ ಹಾಳೆ ಮುಂದೆ ಸರಿಸಿ, “ಅಪ್ಲಿಕೇಶನ್ ಬರೆದುಕೊಡಿ. ಶಾಲೆ ಅಭಿವೃದ್ಧಿ ಸಮಿತಿ ಇದೆಯಲ್ಲ, ಎಸ್‌ಡಿಎಂಸಿ, ಅದರ ಸಭೇಲಿ ಇಡ್ತೀನಿ,” ಎಂದರು.

ಸಭೆಯಲ್ಲಿ ಒಂದಿಬ್ಬರು ಗೊಣಗಿದರು. ಆದರೂ ನಾಲ್ಕನೇ ತರಗತಿ ಮೇಲೆ ಹೋಗಿ ಐದನೆಯದು ಕೆಳಗಿಳಿಯಿತು. ಒಂದು ಶೌಚಾಲಯಕ್ಕೆ ಹಿಡಿದುಕೊಳ್ಳುವ ಕಂಬಿ ಬಂತು. ರಮ್ಯಳಿಗೆ ಏನು, ಹೇಗೆ ಕಲಿಸಬೇಕೆಂದು ಅನಘಾ ಮತ್ತು ತರಗತಿಯ ಟೀಚರ್ ಕೂತು ಬರೆದರು. ಮೆಟ್ಟಿಲ ಬದಲು ಇಳಿಜಾರು ದಾರಿಗೂ ಸಹಾಯಕಿಗೂ ಇಲಾಖೆಗೆ ಪತ್ರ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಬಾತ್‌ರೂಮಿಗೆ ಕರೆದೊಯ್ಯಲು ಬೋರಮ್ಮನೇ ದಿನಕ್ಕೆರಡು ಸಲ ಹೋಗುತ್ತಾಳೆ. ಇದು ನನ್ನ ಕೆಲಸ ಅಲ್ಲ, ಶಾಲೆಯದು ಎಂದು ಪ್ರತಿ ಸಭೆಯಲ್ಲೂ ನೆನಪಿಸುತ್ತಾಳೆ. ಬಿಡುವ ಪೈಕಿಯವಳಲ್ಲ.

ಹಿಂದೆ ಶಿಬಿರದಲ್ಲಿ ಕೊಟ್ಟಿದ್ದ, ಹಿಡಿದು ನಡೆಯುವ ವಾಕರನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ, ಅನಘಾ ಮೊದಲೇ ಅಭ್ಯಾಸ ಮಾಡಿಸಿದ್ದರು. ಶಾಲೆಯ ಮೊದಲ ದಿನ ರಮ್ಯಾ ಅದನ್ನು ಹಿಡಿದು ಕಾಲೆಳೆಯುತ್ತಾ ತರಗತಿಗೆ ಹೋಗಿ ಕೂತಳು. ಬೋರಮ್ಮ ಕಿಟಕಿಯ ಹೊರಗೆ ಸರಳು ಹಿಡಿದು ನಿಂತಳು. ಟೀಚರ್ ಹಾಜರಿ ಕೂಗತೊಡಗಿದರು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ಮೂರು.

ರಮ್ಯಳ ಬಾಯಿಂದ ಮಾತು ಹೊರಡಲು ಹೊತ್ತು ಹಿಡಿಯುತ್ತದೆ. ಒಬ್ಬ ಹುಡುಗ ಕಿಸಕ್ಕೆಂದ. ಟೀಚರ್ ಅವನನ್ನು ನೋಡಿದರು, ಇಪ್ಪತ್ನಾಲ್ಕಕ್ಕೆ ಹೋಗಲಿಲ್ಲ, ಕಾದರು.

“ಯೆಸ್… ಮಿಸ್.”

ಎರಡು ತಿಂಗಳಾಯಿತು. ಮೊನ್ನೆ ಬೋರಮ್ಮ ಚಪ್ಪಲಿ ಹೊಲಿಯುವ ಮುನಿಯಣ್ಣನ ಮುಂದೆ ಕೂತು ಬೈಯುತ್ತಿದ್ದಳು. “ನೋಡಣ್ಣ, ಮುಂದ್ಗಡೆ ಎಲ್ಲಾ ತೇದು ಹಾಕವ್ಳೆ. ಹೊಚ್ಚ ಹೊಸಾ ಶೂ. ಎರಡೇ ತಿಂಗಳಿಗೆ ಹಿಂಗೆ ಹರಿದ್ರೆ ಎಲ್ಲಿಂದ ತರದು?” ಹಾಗೆಂದು ಆ ಹರಿದ ಶೂವನ್ನು ಹೋಗಿ ಬರುವವರಿಗೆಲ್ಲ ತೋರಿಸಿದಳು.

ಓದುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೀಗೆ ಮಂಚದ ಮೇಲೆ ಉಳಿದ ಮಗುವಿದೆಯೇ? ನಾಳೆಯೇ ಶಾಲೆಗೆ ಹೋಗಿ. ಬಾಯಿಮಾತಿಗೆ ಬಿಡಬೇಡಿ, ಬರೆದು ಕೊಡಿ, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕಾನೂನು ಪುಸ್ತಕದಲ್ಲಿ ಬದಲಾಗಿದೆ. ಶಾಲೆಯಲ್ಲಿ ಬದಲಾಗಬೇಕಾದರೆ ನೀವು ಹೋಗಿ ಕೇಳಬೇಕು. ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಆ ಮಗುವಿನ ಶೂ ತಿರುಗಿಸಿ, ಅಟ್ಟೆ ಸವೆದಿದೆಯೇ ನೋಡಿ.